ದೊಡ್ಡವ್ವನ ಮೊದಲ ಫೈಲು

ತಿರುಪ್ಪೂರಿನ ಆ ಬನಿಯನ್ ಕಂಪನಿಯ ಮೆಟ್ಟಿಲು ಹತ್ತುವಾಗಲೇ ಅವಳನ್ನು ನೋಡಿದೆ. ಆಫೀಸಿನ ಬಾಗಿಲ ಹೊರಗಿನ ಬೆಂಚಿನ ಮೇಲೆ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೆಳಗಿನ ಹೊತ್ತು, ಇನ್ನೂ ಯಾರೂ ಊಟದ ಮಾತೆತ್ತುವ ಸಮಯವಲ್ಲ. ಕೆಲಸ ಕೇಳಲು ಬಂದವಳಿರಬೇಕು ಅಂದುಕೊಂಡು ಒಳಗೆ ಹೋದೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಅವಳು ಅಲ್ಲಿಯದೇ ಕಂಪ್ಯೂಟರ್ ಆಪರೇಟರ್. ಹಿಂದಿನ ದಿನದಿಂದ ಅವಳನ್ನು ಹೊರಗೆ ಕೂರಿಸಿದ್ದರು.

ನಾನು ರಾಣೇಬೆನ್ನೂರಿನವಳು. ಕೊಯಮತ್ತೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಸುತ್ತಲಿನ ಗಿರಣಿ, ಬನಿಯನ್ ಕಂಪನಿಗಳಲ್ಲಿ ಕಂಪ್ಯೂಟರ್ ಕೆಟ್ಟರೆ ನಮ್ಮನ್ನು ಕರೆಯುತ್ತಾರೆ. ಮುಕ್ಕಾಲು ಪಾಲು ಕೆಟ್ಟಿರುವುದಿಲ್ಲ, ಪ್ಲಗ್ಗು ಸಡಿಲವಾಗಿರುತ್ತದೆ. ಆದ್ದರಿಂದ ಅವತ್ತೂ ಮಧ್ಯಾಹ್ನದೊಳಗೆ ಮುಗಿಸಿ ಬಸ್ಸು ಹಿಡಿಯುವ ಲೆಕ್ಕದಲ್ಲೇ ಹೋಗಿದ್ದೆ.

ಯಜಮಾನರು ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಅನ್ನೂರಿನ ಕಡೆ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ಮನೆತನ, ಈಗ ಬನಿಯನ್ ವ್ಯಾಪಾರ. ಕನ್ನಡ ಓದಲು ಬಾರದು, ಆದರೆ ಮಾತಾಡುವುದಕ್ಕೆ ನನ್ನಂಥವಳು ಸಿಕ್ಕರೆ ಖುಷಿಪಡುತ್ತಾರೆ. ಅವತ್ತು ಖುಷಿಪಡುವ ಸ್ಥಿತಿಯಲ್ಲಿ ಇರಲಿಲ್ಲ.

"ವಾಂಗ ಅಮ್ಮಿಣಿ, ಕೂತ್ಕೊಳ್ಳಿ. ಮಾನ ಹೋಯ್ತು ನಮ್ದು," ಅಂದರು. ಆ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವುದು ಅಮ್ಮಿಣಿ ಎಂದೇ.

ಆದದ್ದು ಇಷ್ಟು. ಹೊರದೇಶದ ಹೊಸ ಗಿರಾಕಿಯೊಬ್ಬರು ಪ್ಯಾಕಿಂಗ್ ಲಿಸ್ಟನ್ನು ಎಕ್ಸೆಲ್ ಫೈಲಿನಲ್ಲೇ ಕಳಿಸಿ ಅಂದಿದ್ದರು. ಅಲ್ಲಿಯವರೆಗೆ ಈ ಕಂಪನಿ ಯಾವಾಗಲೂ ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸುತ್ತಿತ್ತು. ಈ ಸಲ ಆಪರೇಟರ್ ಫೈಲನ್ನೇ ಕಳಿಸಿದಳು. ಅದು ಹಾಗೆಯೇ ವಾಪಸು ಬಂತು: ನಿಮ್ಮ ಫೈಲಿನಲ್ಲಿ ಮ್ಯಾಕ್ರೋ ವೈರಸ್ ಇದೆ, ಅದು ಎಲ್ಲಿಂದ ಬಂತು, ಎಲ್ಲ ಕಂಪ್ಯೂಟರುಗಳಿಂದ ತೆಗೆದಿರಾ ಎಂದು ಬರೆದು ತಿಳಿಸುವ ತನಕ ನಿಮ್ಮ ಯಾವ ಫೈಲನ್ನೂ ತೆಗೆದುಕೊಳ್ಳುವುದಿಲ್ಲ.

"ಆ ಹೊರಗೆ ಕೂತಿರೋ ಪಿಳ್ಳೆ ಮನೆಯಿಂದ ಪೆನ್ ಡ್ರೈವ್ ತಂದವಳೆ. ಮಗಳ ಸ್ಕೂಲ್ ಕೆಲಸ ಏನೋ ಇಲ್ಲಿ ಮಾಡ್ಕೊಂಡವಳೆ. ಅದರಿಂದ್ಲೇ ಬಂದದು. ನೀವು ನೋಡಿ, ಆಮಾ, ಹೌದು ಅಂತ ಒಂದು ಮಾತು ಹೇಳ್ಬಿಡಿ ಸಾಕು. ಅವಳನ್ನ ಕಳಿಸ್ಬಿಡ್ತೀನಿ, ಗಿರಾಕಿಗೂ ಹಂಗೇ ಬರೀತೀನಿ."

"ನೋಡದೆ ಹೆಂಗ ಹೇಳ್ಲಿ ಸಾರ್? ಹುಡುಕೋದು ನನ್ನ ಕೆಲಸ, ತೀರ್ಪು ಕೊಡೋದಲ್ಲ," ಅಂದೆ. ನನ್ನ ಬಾಯಿ ಸ್ವಲ್ಪ ಜೋರು. ಅವರು ಪೆನ್ ಡ್ರೈವನ್ನು ಮೇಜಿನ ಮೇಲೆ ಇಟ್ಟರು.

ನೋಡಿದೆ. ಕೆಟ್ಟ ಗಳಿಗೆ, ಅದರಲ್ಲಿ ವೈರಸ್ ಇತ್ತು. ಶಾಲೆಯ ಯಾವುದೋ ಪಟ್ಟಿಯ ಬೆನ್ನಿಗೆ ಅಂಟಿಕೊಂಡು ಕೂತಿತ್ತು. ಯಜಮಾನರು "ಪಾತ್ತೀಂಗಳಾ? ನೋಡಿದ್ರಾ?" ಅಂದು ಕೈ ಚೆಲ್ಲಿದರು. ಆದರೆ ಮನೆಯಲ್ಲಿ ಎಲ್ಲರಿಗೂ ನೆಗಡಿಯಾಗಿರುವಾಗ ಒಬ್ಬಳ ಮೂಗನ್ನು ತೋರಿಸಿ ಇವಳಿಂದಲೇ ಶುರು ಅನ್ನುವುದು ಹೇಗೆ? ಇವಳ ಪೆನ್ ಡ್ರೈವಿನಿಂದ ಆಫೀಸಿಗೆ ಬಂತೋ, ಆಫೀಸಿನಿಂದ ಪೆನ್ ಡ್ರೈವಿಗೆ ಹೋಯಿತೋ, ಅದು ಗೊತ್ತಾಗಬೇಕಲ್ಲ.

ಹೊರಗೆ ಬಂದು ಅವಳ ಪಕ್ಕ ಕೂತೆ. ನನ್ನ ಹರುಕು ಮುರುಕು ತಮಿಳಿನಲ್ಲಿ ವಿಷಯ ಹೇಳಿದೆ. ಅವಳು ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಸರಿಮಾಡುತ್ತಾ ತಮಿಳಿನಲ್ಲೇ ಹೇಳಿದಳು: "ಅಕ್ಕಾ, ಈ ರೋಡಲ್ಲಿ ಒಂದು ಕಂಪನಿಯಿಂದ ತೆಗೆದ ಸುದ್ದಿ ಟೀ ಆರುವ ಮೊದಲೇ ಇನ್ನೊಂದು ಕಂಪನಿಗೆ ಹೋಗುತ್ತೆ. ವೈರಸ್ ತಂದವಳು ಅಂತ ಹೆಸರು ಬಿದ್ದರೆ ನನ್ನನ್ನು ಯಾರು ಕೀಬೋರ್ಡ್ ಮುಟ್ಟೋಕೆ ಬಿಡ್ತಾರೆ? ಟೈಲರಿಂಗೂ ಬರಲ್ಲ ನನಗೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾನು ಎಷ್ಟೋ ಆಫೀಸುಗಳಲ್ಲಿ ನೋಡಿದ್ದೇನೆ. ಬಸ್ಸಿನ ಲೆಕ್ಕ ಬಿಟ್ಟೆ.

ಎಕ್ಸೆಲ್ ಫೈಲಿನಲ್ಲಿ ಅಂಕಿಗಳ ಜೊತೆಗೆ ಅಪ್ಪಣೆಗಳನ್ನೂ ಬರೆದಿಡಬಹುದು. ಈ ಸಾಲು ಕೂಡು, ಆ ಸಾಲಿಗೆ ಬಣ್ಣ ಹಾಕು, ದಿನಾ ಮಾಡುವ ಕೆಲಸವನ್ನು ನೀನೇ ಮಾಡು ಅನ್ನುವಂಥವು. ಅದನ್ನೇ ಮ್ಯಾಕ್ರೋ ಅನ್ನುತ್ತಾರೆ. ಒಳ್ಳೆಯ ಉದ್ದೇಶಕ್ಕೆ ಮಾಡಿದ್ದು. ಅಪ್ಪಣೆಗೆ ಒಂದು ನಿರ್ದಿಷ್ಟ ಹೆಸರು ಕೊಟ್ಟರೆ ಸಾಕು, ಫೈಲು ತೆರೆದ ಕ್ಷಣ ಅದು ತಾನಾಗಿ ಓಡುತ್ತದೆ. ವೈರಸ್ ಬರೆದವನು ಇದನ್ನು ಹಿಡಿದುಕೊಂಡ.

ಮೊದಲು ಸುಲಭದ ದಾರಿ ಹಿಡಿದೆ. ಪ್ಯಾಕಿಂಗ್ ಲಿಸ್ಟನ್ನು ತೆರೆದು, ಅದರ ಹಿಂದಿರುವ ಮ್ಯಾಕ್ರೋವನ್ನು ಅಳಿಸಿ, ಸೇವ್ ಮಾಡಿ ಮುಚ್ಚಿದೆ. ಮತ್ತೆ ತೆರೆದರೆ ಹಾಜರ್! ಇನ್ನೊಮ್ಮೆ ಅಳಿಸಿದೆ. ಇನ್ನೊಮ್ಮೆ ಹಾಜರ್. ತಲೆ ಚಿಟ್ಟು ಹಿಡಿಯಿತು. ಇತ್ತೀಚಿನ ವೈರಸ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೆ, ದುಡ್ಡು ಕೇಳುವವು, ಪಾಸ್‌ವರ್ಡ್ ಕದಿಯುವವು. ಇದು ಆ ಜಾತಿಯದ್ದಲ್ಲ, ತೀರಾ ಹಳೆಯದು, ನಾನು ಕೆಲಸಕ್ಕೆ ಸೇರುವ ಎಷ್ಟೋ ಮೊದಲಿನದು. ಅದರ ಅಪ್ಪಣೆಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ, ಓಡದಂತೆ ಕಟ್ಟಿಹಾಕಿ, ಸಾಲುಸಾಲಾಗಿ ಓದಿದೆ.

ಅಬ್ಬಾ, ಎಷ್ಟು ಚಿಕ್ಕದು! ಪರದೆಯನ್ನು ಸ್ವಲ್ಪ ಕೆಳಗೆ ಸರಿಸುವಷ್ಟರಲ್ಲಿ ಮುಗಿದೇಹೋಯಿತು. ಎಕ್ಸೆಲ್‌ಗೆ ಒಂದು ವಿಶೇಷ ಫೋಲ್ಡರ್ ಇದೆ. ಎಕ್ಸೆಲ್ ಶುರುವಾದ ಕೂಡಲೇ ಆ ಫೋಲ್ಡರಿನಲ್ಲಿ ಏನಿದ್ದರೂ ಯಾರನ್ನೂ ಕೇಳದೆ ತೆರೆದುಕೊಳ್ಳುತ್ತದೆ. ವೈರಸ್ ಇರುವ ಫೈಲನ್ನು ನಾವು ಒಮ್ಮೆ ತೆರೆದರೆ ಅದು ಆ ಫೋಲ್ಡರಿನಲ್ಲಿ ತನ್ನದೊಂದು ಪ್ರತಿಯನ್ನು ಕಣ್ಣಿಗೆ ಕಾಣದ ಹಾಗೆ ಇಡುತ್ತದೆ. ಅಲ್ಲಿಂದಾಚೆಗೆ ಆ ಕಂಪ್ಯೂಟರಿನಲ್ಲಿ ಯಾವ ಫೈಲು ತೆರೆದರೂ ಅದಕ್ಕೂ ಒಂದು ಪ್ರತಿ ಅಂಟುತ್ತದೆ. ಆ ಫೈಲು ಪೆನ್ ಡ್ರೈವಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಹೋದರೆ ಅಲ್ಲಿಯೂ ಇದೇ ಆಟ. ಅಷ್ಟೇ. ಒಂದು ಅಂಕಿಯನ್ನೂ ಕೆಡಿಸುವುದಿಲ್ಲ, ಒಂದಕ್ಷರ ಕದಿಯುವುದಿಲ್ಲ. ಇರಬೇಕು, ಮುಂದೆ ಹೋಗಬೇಕು, ಅಷ್ಟೇ ಅದರ ಆಸೆ. ಬರೆದವನು ಯಾವ ಊರಿನವನೋ, ಈಗ ಬದುಕಿದ್ದಾನೋ ಇಲ್ಲವೋ. ಅವನು ಬರೆದ ನಾಲ್ಕು ಸಾಲು ಇವತ್ತಿಗೂ ತಿರುಪ್ಪೂರಿನ ಒಂದು ಮೇಜಿನ ಮೇಲೆ ದಿನಾ ಡ್ಯೂಟಿಗೆ ಹಾಜರಾಗುತ್ತಿದೆ. ನನಗೆ ಮೈ ಜುಮ್ಮೆಂದಿತು.

ನಾನು ಫೈಲನ್ನು ತೊಳೆಯುತ್ತಿದ್ದೆ, ಅದು ಎಕ್ಸೆಲ್ ಒಳಗೇ ಮನೆ ಮಾಡಿತ್ತು. ಹುತ್ತ ಬಡಿದರೆ ಹಾವು ಸಾಯುತ್ತದೆಯೇ?

ಆದರೆ ಒಂದು ಪ್ರಶ್ನೆ ಉಳಿಯಿತು. ಇಷ್ಟು ಹಳೆಯ ವೈರಸನ್ನು ಇವತ್ತಿನ ಯಾವ ಆಂಟಿವೈರಸ್ಸಾದರೂ ನೋಡಿದ ಕೂಡಲೇ ಹಿಡಿಯಬೇಕು. ಇಲ್ಲಿ ಆಂಟಿವೈರಸ್ ಇತ್ತು, ಚೆನ್ನಾಗಿಯೇ ಇತ್ತು. ಸೆಟ್ಟಿಂಗ್ ತೆರೆದು ನೋಡಿದರೆ ಹಳೆಯ ಎಕ್ಸೆಲ್ ಫೈಲುಗಳನ್ನು ನೋಡಲೇಬೇಡ ಎಂದು ಅದಕ್ಕೆ ಯಾರೋ ಕಣ್ಣು ಕಟ್ಟಿದ್ದರು. ಮ್ಯಾಕ್ರೋಗಳನ್ನು ತಡೆಯುವ ಎಕ್ಸೆಲ್ಲಿನ ಸ್ವಂತ ಕಾವಲನ್ನೂ ತೆಗೆದಿದ್ದರು. ಒಂದು ಕಂಪ್ಯೂಟರಿನಲ್ಲಲ್ಲ, ಎಲ್ಲದರಲ್ಲೂ.

"ಅದು ನಾನೇ ಮಾಡ್ಸಿದ್ದು," ಅಂದರು ಯಜಮಾನರು ಸಲೀಸಾಗಿ. "ಆ ಆಂಟಿವೈರಸ್ ನಮ್ಮ ಮುಖ್ಯವಾದ ಫೈಲನ್ನ ತಿಂದ್ಬಿಡ್ತಿತ್ತು ಅಮ್ಮಿಣಿ. ಹಾಕಿದ್ ತಕ್ಷಣ ಮಾಯ. ಅದಕ್ಕೇ ಒಬ್ಬನ್ನ ಕರೆಸಿ ನಿಲ್ಲಿಸ್ಬುಟ್ಟೆ."

ಯಾವ ಫೈಲು ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ, ನನ್ನ ತಲೆ ಬೇರೆಡೆ ಓಡುತ್ತಿತ್ತು. ಆ ವಿಶೇಷ ಫೋಲ್ಡರಿನಲ್ಲಿ ಕೂತಿರುವ ಪ್ರತಿಗೆ ಅದು ಹುಟ್ಟಿದ ತಾರೀಖು ಇರುತ್ತದೆ. ಅಂದರೆ ಆಯಾ ಕಂಪ್ಯೂಟರಿಗೆ ಸೋಂಕು ತಗುಲಿದ ದಿನ. ಎಲ್ಲಕ್ಕಿಂತ ಹಳೆಯದು ಯಾವುದು ಎಂದು ನೋಡಿದರೆ ಬೆಂಚಿನ ಮೇಲೆ ಕೂತವಳ ಕಥೆ ಅಲ್ಲಿಗೆ ಇತ್ಯರ್ಥವಾಗುತ್ತದೆ.

ಒಂದೊಂದಾಗಿ ನೋಡುತ್ತಾ ಹೋದೆ. ಅವಳ ಕಂಪ್ಯೂಟರಿಗೆ ಅದು ಬಂದದ್ದು ಅವಳು ಕೆಲಸಕ್ಕೆ ಸೇರುವ ಮೊದಲು. ಯಜಮಾನರಿಗೆ ತೋರಿಸಿದೆ. ಅವರು ಗಡ್ಡ ಕೆರೆದುಕೊಂಡು, "ಅಪ್ಪಡಿಯಾ? ಹಂಗಾದ್ರೆ ತಂದದ್ದು ಯಾರು?" ಅಂದರು. ಅವಳನ್ನು ಒಳಗೆ ಕರೆಯಿರಿ ಎಂದೆ. "ಯಾರು ಅಂತ ಗೊತ್ತಾಗಲಿ, ಆಮೇಲೆ ನೋಡೋಣ," ಅಂದರು. ಅವಳು ಬೆಂಚಿನ ಮೇಲೆಯೇ ಇದ್ದಳು.

ತಾರೀಖುಗಳು ವಿಚಿತ್ರವಾಗಿದ್ದವು. ಒಂದರಲ್ಲಿ ಸೆಪ್ಟೆಂಬರಿನ ಕೊನೆ, ಇನ್ನೊಂದರಲ್ಲಿ ಅಕ್ಟೋಬರಿನ ನಡುವೆ, ಮತ್ತೊಂದರಲ್ಲಿ ಅಕ್ಟೋಬರಿನ ಕೊನೆಯ ಹತ್ತಿರ. ವರ್ಷ ಬೇರೆ ಬೇರೆ, ಕಾಲ ಮಾತ್ರ ಅದೇ. ವೈರಸ್ ಏನಾದರೂ ಮಳೆಗಾಲ ನೋಡಿಕೊಂಡು ಎಚ್ಚರಾಗುತ್ತದೆಯೇ? ಅದರ ಸಾಲುಗಳನ್ನು ಮತ್ತೆ ಓದಿದೆ, ತಾರೀಖಿನ ಮಾತೇ ಅದರಲ್ಲಿ ಇರಲಿಲ್ಲ. ಆಮೇಲೆ ಒಂದು ತಾರೀಖು ಎಲ್ಲೋ ಪರಿಚಯದ್ದು ಅನ್ನಿಸಿತು. ಆ ದಿನ ನಾನು ಊರಿನಲ್ಲಿದ್ದೆ. ಬಸ್ಸು ಸಿಗದೆ ನಿಂತುಕೊಂಡು ಹೋಗಿದ್ದೆ, ಅವ್ವ ಹೋಳಿಗೆ ಮಾಡಿದ್ದಳು. ಯಾಕೆ ರಜೆ ಇತ್ತು?

ಫೋನಿನಲ್ಲಿ ಪಂಚಾಂಗ ತೆರೆದೆ. ಆಯುಧಪೂಜೆ. ಇನ್ನೊಂದು ತಾರೀಖು ಹಾಕಿದೆ. ಆಯುಧಪೂಜೆ. ಮತ್ತೊಂದು. ಅದೂ ಆಯುಧಪೂಜೆ!

ಕಂಪ್ಯೂಟರಿನ ಪೆಟ್ಟಿಗೆಗಳತ್ತ ತಿರುಗಿ ನೋಡಿದೆ. ಪ್ರತಿಯೊಂದರ ಹಣೆಯ ಮೇಲೂ ಒಣಗಿದ ಗಂಧ, ನಡುವೆ ಕುಂಕುಮ. ಬೆಳಗಿನಿಂದ ಅದು ನನ್ನ ಕಣ್ಣ ಮುಂದೆಯೇ ಇತ್ತು.

"ಸಾರ್, ಪೂಜೆ ದಿನ ಇಲ್ಲಿ ಏನೇನು ಮಾಡ್ತೀರಿ?"

ಯಜಮಾನರ ಮುಖ ಅವತ್ತು ಮೊದಲ ಸಲ ಅರಳಿತು. "ಹೊಸ ಕಂಪ್ಯೂಟರ್ ತಂದ್ರೆ ಪೂಜೆ ದಿನದ ತನಕ ಮುಟ್ಟಂಗಿಲ್ಲ. ಅವತ್ತು ನಮ್ಮ ದೊಡ್ಡವ್ವ ಬರ್ತಾಳೆ. ಈ ಕಂಪನಿ ಕಟ್ಟಿದ್ದೇ ಅವಳು. ಮೊದಲ ಆರ್ಡರ್ ಬಂದಾಗ ಸ್ಟೇಷನ್ ಹತ್ರ ಒಂದು ಕಂಪ್ಯೂಟರ್ ಸೆಂಟರಿಗೆ ಹೋಗಿ ಅದನ್ನ ಟೈಪ್ ಮಾಡಿಸ್ಕೊಂಡು ಬಂದವಳು. ಆ ಫೈಲು ಇವತ್ತಿಗೂ ಅದೆ. ರಾಸಿಯಾದ ಫೈಲು, ಅದೃಷ್ಟದ್ದು! ಹೊಸ ಕಂಪ್ಯೂಟರಿಗೆ ಗಂಧ ಹಚ್ಚಿ, ಮೊದಲು ಅದನ್ನೇ ಹಾಕಿ ತೆರೀತಾಳೆ. ಆಮೇಲೆ ಮಿಕ್ಕ ಕೆಲಸ. ನಮ್ಮ ನೆಂಟರು ಯಾರು ಹೊಸದಾಗಿ ಏನು ಶುರು ಮಾಡಿದ್ರೂ ಅವಳನ್ನೇ ಕರೀತಾರೆ ಅಮ್ಮಿಣಿ. ಅವಳ ಕೈಗುಣ ಅಂಗೆ."

"ಆಂಟಿವೈರಸ್ ತಿಂತಿದ್ದ ಫೈಲು ಅದೇನಾ?"

"ಆಮಾ..." ಅಂದವರು ಅಲ್ಲಿಗೇ ನಿಂತರು. ಮುಖದ ಬಣ್ಣ ಇಳಿಯುವುದು ನನಗೆ ಕಾಣುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಅವರಿಗೆ ನಂಬಿಕೆ ಬರಲಿಲ್ಲ. ಬಾಯಲ್ಲಿ ವಾದ ಮಾಡದೆ ಕಾರು ತೆಗೆಸಿದರು. ಸೋಮನೂರಿನಲ್ಲಿ ಅವರ ಭಾಮೈದನ ಮಗ್ಗದ ಶೆಡ್ಡು ಇದೆ. ಅಲ್ಲಿ ವೈರಸ್ ಇಲ್ಲದಿದ್ದರೆ ನನ್ನ ಮಾತು ಸುಳ್ಳು ಎಂದರು. ಸೋಮನೂರಿನಲ್ಲಿ ಯಾವ ಬೀದಿಗೆ ಹೋದರೂ ಮಗ್ಗದ ಸದ್ದು ಎದೆಗೆ ಬಡಿಯುತ್ತದೆ. ಶೆಡ್ಡಿನ ಮೂಲೆಯಲ್ಲಿ ಹತ್ತಿಯ ಧೂಳು ಮೆತ್ತಿಕೊಂಡ ಒಂದು ಕಂಪ್ಯೂಟರ್. ಇಂಟರ್‌ನೆಟ್ಟೇ ಇಲ್ಲ ಅದಕ್ಕೆ. ನಾನು ಆ ಫೋಲ್ಡರ್ ತೆರೆದು ತಾರೀಖು ಓದಿದೆ. ಭಾಮೈದ ಗದ್ದಲದ ಮೇಲೆ ಕೂಗಿ ಹೇಳಿದ, "ಅದು ಶೆಡ್ ಶುರು ಮಾಡಿ ಹಾಲು ಕಾಯಿಸಿದ ದಿನ! ದೊಡ್ಡವ್ವ ಬಂದಿದ್ಲಲ್ಲ!" ಅಲ್ಲಿಂದಲೇ ಅನ್ನೂರಿನ ನೆಂಟರ ಗಿರಣಿಗೂ ಪೊಳ್ಳಾಚಿಯ ಬೀಗರ ತೆಂಗಿನ ನಾರಿನ ಕಾರ್ಖಾನೆಗೂ ಫೋನು ಮಾಡಿ, ಎಲ್ಲಿ ನೋಡಬೇಕೆಂದು ನಾನೇ ಹೇಳಿಕೊಟ್ಟೆ. ಎರಡು ಕಡೆಯೂ ಅದು ಇತ್ತು. ಎರಡು ಕಡೆಯ ತಾರೀಖೂ ದೊಡ್ಡವ್ವ ದೀಪ ಹಚ್ಚಿದ ದಿನವೇ.

ವಾಪಸು ಬರುವಾಗ ನಾನು ಅದು ಬಂದ ದಾರಿಯನ್ನೇ ಯೋಚಿಸುತ್ತಿದ್ದೆ. ಇಂಟರ್‌ನೆಟ್ಟಿನಿಂದ ಬಂದ ಫೈಲಿಗೆ ಕಂಪ್ಯೂಟರ್ ಒಂದು ಗುರುತು ಹಾಕುತ್ತದೆ, ಆ ಗುರುತಿದ್ದರೆ ಈಗಿನ ಎಕ್ಸೆಲ್ ಅದರ ಮ್ಯಾಕ್ರೋವನ್ನು ಓಡಗೊಡುವುದಿಲ್ಲ. ಪೆನ್ ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದದ್ದಕ್ಕೆ ಆ ಗುರುತು ಬೀಳುವುದಿಲ್ಲ. ಬಲ್ಲವರ ಕೈಯಿಂದ ಬಂದದ್ದು ತಾನೇ ಎಂದು ಅದೂ ಬಾಗಿಲು ತೆಗೆಯುತ್ತದೆ. ಈ ವೈರಸ್ ನಡೆದ ದಾರಿಯನ್ನು ಚಿತ್ರ ಬರೆದರೆ ಒಂದು ಮನೆತನದ ನೆಂಟಸ್ತಿಕೆಯೇ ಮೂಡುತ್ತಿತ್ತು. ಹೆಣ್ಣು ಕೊಟ್ಟಲ್ಲಿಗೆ, ಹೆಣ್ಣು ತಂದಲ್ಲಿಗೆ, ಶೆಡ್ಡು ಕಟ್ಟಿದಲ್ಲಿಗೆ, ಎಲ್ಲೆಡೆಗೂ ಗಂಧ ಕುಂಕುಮ ಹಚ್ಚಿಸಿಕೊಂಡು, ಆರತಿ ಎತ್ತಿಸಿಕೊಂಡು ಹೋಗಿತ್ತು. ನನಗೆ ಅದರ ಮೇಲೆ ಸಿಟ್ಟು ಬರಬೇಕಿತ್ತು. ಬೆರಗಷ್ಟೇ ಬಂತು.

ಊರು ಹತ್ತಿರ ಬಂದಾಗ ಯಜಮಾನರು ಬಾಯಿಬಿಟ್ಟರು. "ಅಮ್ಮಿಣಿ, ಆ ಪಿಳ್ಳೆನ ಕೆಲಸದಲ್ಲಿ ಇಟ್ಕೊತೀನಿ. ಗಿರಾಕಿಗೆ ನೆಟ್ಟಿಂದ ಬಂತು ಅಂತ ಬರೆದ್ಬಿಡೋಣ. ದೊಡ್ಡವ್ವಂಗೆ ಮಾತ್ರ ಹೇಳ್ಬೇಡಿ. ಅವಳ ಮನಸ್ಸು ಒಡೆದೋಗ್ತದೆ."

ಬೆಂಚಿನ ಮೇಲಿದ್ದವಳಿಗೆ ಹಾಗೆಯೇ ಹೇಳಿದೆ: ಕೆಲಸ ಉಳಿಯುತ್ತದೆ, ನಿಜ ಮಾತ್ರ ಹೊರಗೆ ಬರುವುದಿಲ್ಲ, ಸಾಕಾ? "ಎಲ್ಲರ ಮುಂದೆ ನನ್ನನ್ನು ಎಬ್ಬಿಸಿ ಹೊರಗೆ ಕಳಿಸಿದರಲ್ಲ ಅಕ್ಕಾ. ಒಳಗೆ ಕರೆಯುವಾಗ ಯಾರೂ ಏನೂ ಹೇಳದಿದ್ದರೆ, ಪಾಪ ಅಂತ ಬಿಟ್ಟರು ಅಂದ್ಕೋತಾರೆ," ಅಂದಳು.

ಅವಳ ಮಾತು ಸರಿಯಿತ್ತು. ಮೇಲಾಗಿ ದೊಡ್ಡವ್ವನಿಗೆ ಹೇಳದಿದ್ದರೆ ಬರುವ ಪೂಜೆಗೆ ಆ ಪೆನ್ ಡ್ರೈವ್ ಮತ್ತೆ ಬರುತ್ತಿತ್ತು, ಆಗ ಬೆಂಚಿನ ಮೇಲೆ ಇನ್ಯಾರೋ. ಯಜಮಾನರ ಮುಂದೆ ಹೋಗಿ ನಿಂತೆ. "ಸಾರ್, ನಾನೇ ದೊಡ್ಡವ್ವನ ಹತ್ರ ಮಾತಾಡ್ತೀನಿ. ನೀವು ಬೈದರೂ ಸರಿ, ನಮ್ಮ ಆಫೀಸಿಗೆ ದೂರು ಕೊಟ್ಟರೂ ಸರಿ. ಸುಳ್ಳು ಬರೆದು ನನ್ನ ಸಹಿ ಹಾಕೋದಿಲ್ಲ," ಅಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದರು.

ಮನೆ ಹಿಂದಿನ ಬೀದಿಯಲ್ಲೇ ಇತ್ತು. ದೊಡ್ಡವ್ವ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಊಹಿಸಿಕೊಂಡಷ್ಟು ವಯಸ್ಸಾಗಿರಲಿಲ್ಲ, ಕಣ್ಣು ಚುರುಕು. ಪೆನ್ ಡ್ರೈವ್ ನೋಡಬೇಕು ಎಂದೆ. ದೇವರ ಕೋಣೆಯಿಂದ ಬೆಳ್ಳಿಯ ಕುಂಕುಮದ ಭರಣಿ ತಂದರು. ಅದರೊಳಗೆ ಅರಿಶಿನದ ದಾರ ಸುತ್ತಿದ ಪೆನ್ ಡ್ರೈವ್.

ಲ್ಯಾಪ್‌ಟಾಪಿಗೆ ಹಾಕಿ ಮೊದಲು ಫೈಲು ತೋರಿಸಿದೆ. ತಮಿಳರು ಏನು ಬರೆಯುವುದಿದ್ದರೂ ಮೊದಲು ಮೇಲ್ಗಡೆ ಗಣಪತಿಯ ಗುರುತಾದ ಪಿಳ್ಳೆಯಾರ್ ಸುಳಿ ಹಾಕುತ್ತಾರೆ, ನಮ್ಮಲ್ಲಿ ಶ್ರೀ ಹಾಕಿದಂತೆ. ಫೈಲಿನ ಮೇಲ್ತುದಿಯಲ್ಲಿ ಅದು ಇತ್ತು, ಕೆಳಗೆ ನಾಲ್ಕಾರು ಬಗೆಯ ಬನಿಯನ್ನುಗಳ ಸೈಜು. ಆಮೇಲೆ ಅದರ ಬೆನ್ನಿಗಿದ್ದದ್ದನ್ನು ತೋರಿಸಿ, ಟೈಪ್ ಮಾಡಿಸಿದ ಸೆಂಟರಿನಲ್ಲೇ ಅಂಟಿಕೊಂಡಿರಬೇಕು ಎಂದೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ.

"ಕದಿಯಲ್ವಾ?" ಅಂದರು.

"ಇಲ್ಲ ದೊಡ್ಡವ್ವಾ."

"ಏನೂ ಕೆಡಿಸಲ್ವಾ?"

"ಇಲ್ಲ."

"ಮತ್ಯಾತಕ್ಕೆ ಬಂದದು?"

"ಇನ್ನೊಂದು ಕಡೆ ಹೋಗೋದಕ್ಕೆ."

ಅವರ ಕೈ ಹುಣಸೆಹಣ್ಣಿನ ಮೇಲೆ ಹಾಗೆಯೇ ನಿಂತಿತು. "ನನ್ನ ಜೊತೆ ಎಲ್ಲ ಮನೆಗೂ ಬಂತಾ?" ಸೋಮನೂರು, ಅನ್ನೂರು, ಪೊಳ್ಳಾಚಿ ಎಂದೆ. ಅವರು ತಾವಾಗಿ ಇನ್ನೂ ಮೂರು ನಾಲ್ಕು ಮನೆಗಳ ಹೆಸರು ಹೇಳಿದರು, ನನಗೆ ಗೊತ್ತೇ ಇರಲಿಲ್ಲ. "ಅಯ್ಯೋ ಸಾಮಿ, ಎಂಥಾ ಆಳಪ್ಪ ಇದು," ಎಂದು ಗಲ್ಲದ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ ಬಹಳ ಮೆಲ್ಲಗೆ, "ಹಂಗಾದ್ರೆ ನನ್ನ ಕೈಗುಣ?" ಅಂದರು.

"ಅದು ನನಗೆ ಗೊತ್ತಿಲ್ಲ ದೊಡ್ಡವ್ವಾ. ನನಗೆ ಈ ಸಾಲುಗಳು ಮಾತ್ರ ಗೊತ್ತು."

"ಸರಿ ಬಿಡು. ಇದನ್ನ ಯಾರು ತಂದವರು ಅಂತ ಅಂದ್ಕೊಂಡಿದ್ರಿ?"

ಬೆಂಚಿನ ಮೇಲೆ ಕೂರಿಸಿದವಳ ವಿಷಯ ನಾನು ಹೇಳಿದೆ. ದೊಡ್ಡವ್ವ ಎದ್ದು ಕೈ ತೊಳೆದುಕೊಂಡರು.

ಅವರು ಆಫೀಸಿಗೆ ಬಂದದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ನಾನು ಎಲ್ಲ ಕಂಪ್ಯೂಟರುಗಳ ಆ ಫೋಲ್ಡರನ್ನು ಖಾಲಿ ಮಾಡಿ, ಆಂಟಿವೈರಸ್ಸಿನ ಕಣ್ಣಿಗೆ ಕಟ್ಟಿದ್ದನ್ನು ಬಿಚ್ಚಿ, ಹಳೆಯ ಫೈಲುಗಳನ್ನೆಲ್ಲ ಮ್ಯಾಕ್ರೋ ಇಟ್ಟುಕೊಳ್ಳಲಾರದ ಹೊಸ ಬಗೆಗೆ ಬದಲಾಯಿಸಿದ್ದೆ. ಗಿರಾಕಿಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದೆವು, ಅವರು ಮತ್ತೆ ಫೈಲು ತೆಗೆದುಕೊಳ್ಳಲು ಒಪ್ಪಿದರು. ಮೊದಲ ಫೈಲಿನ ಹಳೆಯ ಪ್ರತಿಯನ್ನು ಅಳಿಸಲೇ ಎಂದು ಕೇಳಿದ್ದಕ್ಕೆ ದೊಡ್ಡವ್ವನೇ "ಅಳಿಸು" ಅಂದಿದ್ದರು.

ಬೆಂಚಿನ ಮುಂದೆ ನಿಂತು ದೊಡ್ಡವ್ವ ಅವಳ ಕೈ ಹಿಡಿದು ಎಬ್ಬಿಸಿದರು. ಒಳಗೆ ಕರೆತಂದು, ಎಲ್ಲ ಮೇಜುಗಳಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದರು: "ವೈರಸ್ ತಂದವಳು ನಾನು. ಇವಳಲ್ಲ." ಅವಳನ್ನು ಅವಳ ಕುರ್ಚಿಯಲ್ಲಿ ಕೂರಿಸಿದರು. "ಇವತ್ತು ಹೊಸದಾಗಿ ಮೊದಲ ಫೈಲು ಮಾಡಬೇಕು. ಇವಳೇ ಟೈಪ್ ಮಾಡ್ತಾಳೆ."

ಭರಣಿ ತೆಗೆದರು. ಅಂಗಡಿಯಿಂದ ಆಗಷ್ಟೇ ತಂದ ಹೊಸ ಪೆನ್ ಡ್ರೈವಿಗೆ ಅದೇ ಅರಿಶಿನದ ದಾರ ಸುತ್ತಿದ್ದರು. ಅದನ್ನು ನೇರವಾಗಿ ಕಂಪ್ಯೂಟರಿಗೆ ಹಾಕಹೊರಟಾಗ ಆಪರೇಟರ್ ಕೈ ಅಡ್ಡ ಇಟ್ಟಳು.

"ಪೆರಿಯಮ್ಮಾ, ಇಲ್ಲಿ ಕೊಡಿ. ಮೊದಲು ಸ್ಕ್ಯಾನ್ ಮಾಡ್ತೀನಿ."

"ಏಯ್, ಅದು ದೊಡ್ಡವ್ವ ತಂದದ್ದು..." ಎಂದು ಯಜಮಾನರು ಮುಂದೆ ಬಂದರು. ದೊಡ್ಡವ್ವ ಅವರತ್ತ ನೋಡಿದ ನೋಟಕ್ಕೆ ಹಿಂದೆ ಸರಿದರು. ಪೆನ್ ಡ್ರೈವ್ ಅವಳ ಅಂಗೈಗೆ ಹೋಯಿತು. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ಬೆಳೆಯುವುದನ್ನು ಆರತಿಗೆ ಕಾದವರಂತೆ ಎಲ್ಲರೂ ಎದ್ದು ನಿಂತು ನೋಡಿದರು.

"ಏನೂ ಇಲ್ವಾ?"

"ಏನೂ ಇಲ್ಲ ಪೆರಿಯಮ್ಮಾ."

ಅವಳು ಪಿಳ್ಳೆಯಾರ್ ಸುಳಿ ಹಾಕಿ, ಫೈಲು ಮಾಡಿ, ಪೆನ್ ಡ್ರೈವನ್ನು ವಾಪಸು ಚಾಚಿದಳು. ದೊಡ್ಡವ್ವ ತೆಗೆದುಕೊಳ್ಳಲಿಲ್ಲ. "ನೀನೇ ಇಟ್ಕೋ. ಕಾರು ಕೆಳಗಿದೆ. ನಾನು ದೀಪ ಹಚ್ಚಿದ ಮನೆಗೆಲ್ಲ ಇವತ್ತು ನಾವಿಬ್ಬರೂ ಹೋಗಬೇಕು. ನಾನು ಬಾಗಿಲು ತಟ್ಟಿ ನಡೆದದ್ದು ಹೇಳ್ತೀನಿ, ನೀನು ಒಳಗೆ ಹೋಗಿ ಅದನ್ನ ತೆಗೆದು ಹೊಸದು ಹಾಕು," ಅಂದರು.

ಏನೇನು ಅಳಿಸಬೇಕು, ಯಾವ ಕಾವಲು ಮತ್ತೆ ಹಾಕಬೇಕು ಎಂದು ನಾನು ಅವಳಿಗೆ ಇನ್ನೊಮ್ಮೆ ಹೇಳಿಕೊಟ್ಟೆ. ಅವಳು ತಲೆಯಾಡಿಸುತ್ತಾ ಕೇಳಿಕೊಂಡು, ಊಟದ ಡಬ್ಬಿ ಎತ್ತಿಕೊಂಡು, ದೊಡ್ಡವ್ವನ ಹಿಂದೆ ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದೆ. ದೊಡ್ಡವ್ವ ಮುಂದಿನ ಸೀಟಿನ ಬಾಗಿಲು ತೆರೆದು ಅವಳನ್ನು ಕೂರಿಸಿ, ತಾವು ಹಿಂದೆ ಕೂತರು.